ಡಿ ಭಾಗಕ್ಕೆ ಹೋಗಬೇಕಾದವರು

ನನ್ನ ಹೆಂಡತಿ ದ್ಯಾಮವ್ವ ಇತ್ತೀಚೆಗೆ ಮಾತಾಡುತ್ತಲೇ ಹ್ಯಾಂಗ್ ಆಗುತ್ತಿದ್ದಳು. ತಲೆಗೆ ಹೊಸ ಸಿಸ್ಟಮ್ ಹಾಕಿಸಲು ಗದಗಿನ ಸೆಂಟರಿಗೆ ಕರೆತಂದೆ. ಅಲ್ಲಿನ ಹುಡುಗಿ ಅವಳ ನೆನಪನ್ನು ಕಂಪ್ಯೂಟರಿನ ಹಾಗೆ ಸಿ, ಡಿ ಎಂದು ಎರಡು ಭಾಗ ಮಾಡಿದಳು.

"ಅಮ್ಮಾರ, ಸಿ ಭಾಗ ಪೂರಾ ಅಳಸ್ತೀವ್ರಿ. ಯಾರು ಉಳೀಬೇಕೋ ಅವರ ಹೆಸರು ನಿಮ್ಮ ಬಾಯಿಂದನ ಹೇಳ್ರಿ. ಅವರು ಡಿ ಭಾಗಕ್ಕ ಹೋಗ್ತಾರ."

ದ್ಯಾಮವ್ವ ಮೈಕಿಗೆ ಬಾಗಿ ಅವ್ವನ ಹೆಸರು, ತಮ್ಮಂದಿರ ಹೆಸರು, ಮಗಳು ಸುಮಿತ್ರಾಳ ಹೆಸರು ಹೇಳಿದಳು. ಸತ್ತುಹೋದ ಎಮ್ಮೆಯನ್ನೂ ಬಿಡಲಿಲ್ಲ.

"ಮತ್ತ ಯಾರರ ಅದಾರೇನ್ರಿ?"

ಅವಳು ನನ್ನ ಕಡೆ ನೋಡಿ ಸೆರಗು ಬಾಯಿಗೆ ಹಿಡಿದಳು. "ಇವರು."

ಮದುವೆಯಾದಾಗಿನಿಂದ ಅವಳು ಗಂಡನ ಹೆಸರನ್ನು ಬಾಯಲ್ಲಿ ಅಂದವಳಲ್ಲ.

"ಹೆಸರು ಹೇಳ," ಅಂದೆ.

"ಇಷ್ಟು ಮಂದಿ ಮುಂದ? ನನಗ ನಾಚಿಕಿ ಬರ್ತದ. ಇವರು ಅಂದ್ರ ಅದಕ್ಕ ತಿಳಿಯೂದಿಲ್ಲೇನು?"

ಸಾಲಿನಲ್ಲಿದ್ದವರು ಗೊಣಗತೊಡಗಿದ್ದರು. ಹುಡುಗಿ ಗುಂಡಿ ಒತ್ತಿಬಿಟ್ಟಳು.

ಎಚ್ಚರವಾದ ಕೂಡಲೇ ದ್ಯಾಮವ್ವ "ಸುಮಿತ್ರಾ ಎಲ್ಲಿ ಅದಾಳ?" ಎಂದು ಕೇಳಿದಳು. ಆಮೇಲೆ ಪಕ್ಕದಲ್ಲಿದ್ದ ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ನಿಮ್ಮ ಹೆಸರೇನ್ರಿ?"

"ಫಕ್ಕೀರಪ್ಪ."

"ಫಕ್ಕೀರಪ್ಪಾರ, ನನ್ನ ಮಗಳಿಗೆ ಒಂದು ಫೋನ್ ಹಚ್ಚಿ ಕೊಡ್ತೀರೇನ್ರಿ?" ಅಂದಳು, ಒಂಚೂರೂ ನಾಚದೆ.