ಬೇರೆ ಬೇರೆ ಬೀಗದ ಕೈ

“ಅದಿನ್ನೂ ಉಸಿರಾಡ್ತಿದೆಯಲ್ರೀ! ಅದರ ಬೆನ್ನು ಯಾಕ್ರೀ ಬಿಚ್ತೀರಾ?” ಎಂದು ಫೋನಿನಲ್ಲಿ ಯಾರೋ ಹೆಂಗಸು ಕೂಗಾಡಿದಾಗ ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಅವಳದು ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವ ಅಂಗಡಿ. ಅಂಟು ಮೆತ್ತಿದ ಕೈ ಒರೆಸಿಕೊಂಡು ಅಂಗಡಿಯ ವೆಬ್‌ಸೈಟ್ ತೆರೆದು ನೋಡಿದರೆ, ಪುಸ್ತಕದ ಚಿತ್ರವಿರಬೇಕಾದ ಜಾಗದಲ್ಲಿ ಒಂದು ಮುದಿ ನಾಯಿ ನಾಲಿಗೆ ಚಾಚಿಕೊಂಡು ಕೂತಿತ್ತು. ಕೆಳಗೆ ಅವಳದೇ ಮಾತು: ‘ಎಷ್ಟೇ ಹಳೆಯದಿರಲಿ, ಬೆನ್ನು ಬಿಚ್ಚಿ ಹೊಸದಾಗಿ ಹೊಲಿದು ಕೊಡುತ್ತೇವೆ.’

ನಾಯಿ ಎಲ್ಲಿಂದ ಬಂತೆಂದು ಹುಡುಕಬೇಕಾಗಿರಲಿಲ್ಲ. ಗೋಡೆಯ ಆಚೆ ಬದಿಯಲ್ಲಿ ಅವಳ ತಂಗಿ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಳು. ಇಬ್ಬರ ವೆಬ್‌ಸೈಟ್‌ಗಳೂ ಅವರ ತಮ್ಮ ನೋಡಿಕೊಳ್ಳುವ ಒಂದೇ ಸರ್ವರ್‌ನಲ್ಲಿದ್ದವು. ಒಳಗೆ ಹೋಗಲು ಇಬ್ಬರಿಗೂ ಒಂದೇ ಪಾಸ್‌ವರ್ಡ್. ಆತುರದಲ್ಲಿ ತಂಗಿ ತನ್ನ ಫೋಟೊವನ್ನು ಅಕ್ಕನ ಫೋಲ್ಡರ್‌ಗೆ ಹಾಕಿಬಿಟ್ಟಿದ್ದಳು. ಎರಡೂ ಚಿತ್ರಗಳ ಹೆಸರು ಒಂದೇ ಆಗಿದ್ದರಿಂದ ಪುಸ್ತಕ ಎದ್ದುಹೋಗಿ ನಾಯಿಗೆ ಜಾಗ ಬಿಟ್ಟುಕೊಟ್ಟಿತ್ತು. “ಇವತ್ತೇ ಬಾ. ಅವಳ ದಾರಿ ಬೇರೆ, ನನ್ನ ದಾರಿ ಬೇರೆ ಮಾಡಿಕೊಟ್ಟು ಹೋಗು” ಎಂದು ಅಕ್ಕ ತಮ್ಮನಿಗೆ ಫೋನಿನಲ್ಲಿ ಸಿಡುಕಿದಳು.

ತಮ್ಮ ಬಂದ. ರಟ್ಟು ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನಾಯಿಯನ್ನು ಅದರ ಮನೆಗೆ ಅಟ್ಟಿ, ಕಾಫಿ ಆರುವುದರೊಳಗೆ ಕೆಲಸ ಮುಗಿಸಿದ.

“ನೋಡು ದೊಡ್ಡಕ್ಕ, ಫೈಲ್ ಕಳಿಸೋಕೆ ಇನ್ನು ಇಬ್ಬರಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡ್. ಬೇರೆ ಬೇರೆ ಬೀಗದ ಕೈ ಅಂದ್ಕೋ. ನೀನು ಒಳಗೆ ಹೋದ್ರೆ ನಿನ್ನ ಫೋಲ್ಡರ್ ಮಾತ್ರ, ಚಿಕ್ಕಕ್ಕ ಹೋದ್ರೆ ಅವಳದ್ದು ಮಾತ್ರ.”

“ಒಳ್ಳೇದಾಯ್ತು” ಎಂದ ಅಕ್ಕ ಸ್ವಲ್ಪ ತಡೆದು ಕೇಳಿದಳು, “ಅಂದ್ರೆ, ನಾನೂ ಆ ಕಡೆ ಹೋಗೋಕಾಗಲ್ವಾ?”

“ಹೋಗೋದಿರ್ಲಿ, ಪಕ್ಕದಲ್ಲಿ ಇನ್ನೊಂದು ಫೋಲ್ಡರ್ ಇದೆ ಅಂತಾನೇ ಗೊತ್ತಾಗಲ್ಲ” ಎಂದು ತಮ್ಮ ಬೀಗಿದ.

ತನ್ನ ದಾರಿಯನ್ನೂ ತಾನೇ ಮುಚ್ಚಿಸಿಕೊಂಡೆನೆಂದು ಅಕ್ಕನಿಗೆ ಆಗ ಹೊಳೆಯಿತು. ಕಿವಿ ಮುಟ್ಟಿದರೆ ಸಾಕು, ನಾಯಿಯ ಮನಸ್ಸಿನಲ್ಲೇನಿದೆಯೆಂದು ತಂಗಿಗೆ ತಿಳಿಯುತ್ತಿತ್ತು. ಆದರೆ ಕಾಗುಣಿತಕ್ಕೂ ಅವಳಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಚಿಕ್ಕಂದಿನಲ್ಲಿ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಅಕ್ಕನೇ. ಈಗಲೂ ಸಂಜೆ ಅಂಟು ಒಣಗುವ ಹೊತ್ತಿನಲ್ಲಿ ಸದ್ದಿಲ್ಲದೆ ತಂಗಿಯ ಫೋಲ್ಡರ್‌ಗೆ ಹೋಗಿ, ಬಿಟ್ಟುಹೋದ ಒತ್ತು, ದೀರ್ಘಗಳನ್ನು ಸರಿಪಡಿಸಿ ಬರುತ್ತಿದ್ದಳು. ಇದು ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ತಂಗಿ ನಾಚಿಕೊಂಡು ಬರೆಯುವುದನ್ನೇ ಬಿಟ್ಟಾಳು ಎಂಬ ಭಯ. ತನ್ನ ಕಾಲ ಮೇಲೆ ನಿಂತ ತಂಗಿಗೆ ತಾನಿನ್ನೂ ಬೇಕಾಗಿದ್ದುದು ಅದೊಂದು ಕೆಲಸಕ್ಕೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡ ಹಾಗಾಯಿತು.

ಅಷ್ಟರಲ್ಲಿ ತಂಗಿ ಮೈಯೆಲ್ಲ ನಾಯಿಕೂದಲು ಅಂಟಿಸಿಕೊಂಡು ಬಂದಳು. ಫೋನಿಗೆ ಬಂದ ಹೊಸ ಬೀಗದ ಕೈ ಹಿಡಿದು ಆಗಲೇ ಒಂದು ಪ್ರಕಟಣೆ ಏರಿಸಿದ್ದಳು. “ಓದೇ ಅಕ್ಕ!” ಎಂದು ಫೋನ್ ಮುಂದೆ ಹಿಡಿದಳು.

ಅಕ್ಕ ಗಟ್ಟಿಯಾಗಿ ಓದಿದಳು: “ಗುರುಗಳನ್ನು ನೋವಾಗದಂತೆ ಕತ್ತರಿಸುತ್ತೇವೆ.”

ತಮ್ಮನಿಗೆ ಕಾಫಿ ನೆತ್ತಿಗೆ ಹತ್ತಿತು. “ಯಾವ ಗುರುಗಳನ್ನ ಕತ್ತರಿಸ್ತೀಯೇ ಚಿಕ್ಕಕ್ಕ? ಉಗುರು ಅಲ್ವಾ? ‘ಉ’ ಎಲ್ಲಿ ಹೋಯ್ತು?”

“ಬಿಡೋ, ಅದು ತಾನೇ ಸರಿಹೋಗತ್ತೆ. ನಾನು ಹೇಗೇ ಬರೆದ್ರೂ ಬೆಳಗಾಗೋದ್ರೊಳಗೆ ಕಂಪ್ಯೂಟರ್ ತಿದ್ದಿಟ್ಟಿರತ್ತೆ.”

“ಸರ್ವರ್ ಯಾರ ಕಾಗುಣಿತಾನೂ ತಿದ್ದಲ್ಲ. ಕೊಟ್ಟಿದ್ದನ್ನ ಕೊಟ್ಟ ಹಾಗೇ ಇಟ್ಕೊಳ್ಳತ್ತೆ.”

“ಮತ್ತೆ ಇಷ್ಟು ದಿನ ತಿದ್ದಿದ್ದು ಯಾರು, ದೆವ್ವಾನಾ?”

ಅಕ್ಕ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದಳು. ಕಣ್ಣು ಮುಚ್ಚಿಕೊಂಡು ಪೋಣಿಸುವ ಕೈಗೆ ಇವತ್ತು ಸೂಜಿಯ ಕಣ್ಣೇ ಸಿಗಲೊಲ್ಲದು. ತಂಗಿ ನೋಡುತ್ತ ನಿಂತಳು. ಅವಳ ಮುಖದ ನಗು ಮೆಲ್ಲಗೆ ಇಳಿದುಹೋಯಿತು. ಅಕ್ಕ ಅಂದುಕೊಂಡಂತೆ ಅವಳು ನಾಚಲಿಲ್ಲ; ಹೋಗಿ ಅಕ್ಕನನ್ನು ಒತ್ತರಿಸಿಕೊಂಡು ಅದೇ ಕುರ್ಚಿಯಲ್ಲಿ ಅರ್ಧ ಜಾಗ ಮಾಡಿಕೊಂಡು ಕೂತಳು.

“ಲೋ, ನನ್ನ ಕಡೆಗೆ ಅಕ್ಕನಿಗೂ ಒಂದು ಬೀಗದ ಕೈ ಮಾಡಿಕೊಡು” ಎಂದಳು ತಮ್ಮನಿಗೆ.

“ನಿನಗೆ ಅವಳ ಕಡೆಗೆ?”

“ನಂಗ್ಯಾಕೆ? ಇನ್ನೊಂದು ನಾಯಿ ಕೂರಿಸೋಕಾ?”

ಈಗಷ್ಟೇ ಕಟ್ಟಿದ ಗೋಡೆ ಒಡೆಸ್ತೀರಲ್ಲ ಎಂದು ಗೊಣಗುತ್ತಲೇ ತಮ್ಮ ಬಾಗಿಲು ಇಟ್ಟುಕೊಟ್ಟ. ಅಕ್ಕ ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು, ಮೊದಲ ಸಲ ಎಲ್ಲರ ಎದುರಿಗೇ ತಂಗಿಯ ಫೋಲ್ಡರ್ ತೆರೆದಳು. ಮನಸ್ಸಿಗೆ ಹಾಯೆನಿಸಿತು. ತಂಗಿ ಅವಳ ಹೆಗಲ ಮೇಲೆ ಗದ್ದ ಊರಿ, ತಮ್ಮನಿಗೆ ಕೇಳದ ಹಾಗೆ ಕೇಳಿದಳು:

“ನಮ್ಮನ್ನ ಬೇರೆ ಮಾಡಿದಾಗ ನೋವಾಯ್ತೇನೇ, ಅಕ್ಕ?”

ಅಕ್ಕ ‘ಗುರುಗಳ’ ಮೊದಲಿಗೆ ಒಂದು ‘ಉ’ ಒತ್ತಿದಳು.

“ಉಗುರಿಗೆಲ್ಲಿ ನೋವಾಗತ್ತೆ ಕಣೇ” ಎಂದಳು.