ಉತ್ತರ ತೋರಿಸದ ಮುಳ್ಳು

ದೋಣಿಯಲ್ಲಿಟ್ಟ ದಿಕ್ಸೂಚಿಯ ಮುಳ್ಳು ಮೂರನೇ ಸಲವೂ, ಉತ್ತರದ ಗುರುತಿಗೆಂದು ದಡದಲ್ಲಿ ನೆಟ್ಟ ಕಂಬವನ್ನು ಬಿಟ್ಟು ಪಕ್ಕಕ್ಕೆ ವಾಲಿತು. ಕೃಷ್ಣೆಗೆ ಸೇತುವೆ ಕಟ್ಟುವ ಸರ್ವೆಗೆಂದು ದೇವದುರ್ಗಕ್ಕೆ ಬಂದಿದ್ದ ಎಂಜಿನಿಯರ್ ವಾಸುದೇವರಾಯರು ಅಂಬಿಗ ದುರುಗಪ್ಪನನ್ನು ದಿಟ್ಟಿಸಿದರು. ನಿನ್ನೆ ಸಂಜೆಯವರೆಗೆ ಮುಳ್ಳು ಸರಿಯಾಗಿತ್ತು. ಆಮೇಲೆ ದೋಣಿ ಇದ್ದದ್ದು ಇವನ ಸುಪರ್ದಿಯಲ್ಲೇ.

“ಸೇತುವೆ ಆದರೆ ನಿನ್ನ ದೋಣಿ ಯಾರು ಹತ್ತುತ್ತಾರೆ? ಅದಕ್ಕೇ ಏನೋ ಕಿತಾಪತಿ ಮಾಡಿದ್ದೀಯ. ನಿಜ ಹೇಳು, ಇಲ್ಲವಾದರೆ ನಾಳೆಯಿಂದ ಬೇರೆ ದೋಣಿ ತರಿಸುತ್ತೇನೆ.”

“ಸಾಹೇಬ್ರ, ನಾ ಆ ಡಬ್ಬಿ ಮುಟ್ಟೇ ಇಲ್ರಿ,” ಎಂದ ದುರುಗಪ್ಪ. ಆದರೆ ಅವನ ಕಣ್ಣು ಮತ್ತೆ ಮತ್ತೆ ರಾಯರು ದಿಕ್ಸೂಚಿ ಇಟ್ಟುಕೊಂಡು ಕೂತಿದ್ದ ಹಲಗೆಯತ್ತ ಹೋಗುತ್ತಿತ್ತು.

ರಾಯರು ಹಲಗೆಯ ಅಡಿಗೆ ಕೈ ಹಾಕಿದರು. ಅರಿಶಿನದ ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದ ಎತ್ತಿನ ಲಾಳ ಸಿಕ್ಕಿತು. ಅದನ್ನು ಕಿತ್ತು ದೂರ ಹಿಡಿದದ್ದೇ ತಡ, ಮುಳ್ಳು ಕಂಬದತ್ತ ತಿರುಗಿ ನಿಂತಿತು.

“ಇದೇನು ಮತ್ತೆ?”

“ನನ್ನ ಹೇಂತಿ ಕಟ್ಯಾಳ್ರಿ. ಕಬ್ಬಿಣ ಇದ್ರ ಹೊಳ್ಯಾಗಿನ ದೆವ್ವ-ಗಾಳಿ ಹತ್ರ ಸುಳ್ಯಾಂಗಿಲ್ಲಂತ. ನಿಮಗ ಈಸು ಬರಾಂಗಿಲ್ಲ ಅಂತ ನಿನ್ನಿ ನೀವ ಅಂದ್ರಲ್ಲರೀ...”

ರಾಯರು ಲಾಳವನ್ನು ಅವನ ಕೈಗಿಟ್ಟರು. “ನೀನು ಕೂರುವ ತುದಿಗೆ ಕಟ್ಟು,” ಎಂದರು. ನಡುಹೊಳೆಯ ಸೆಳವನ್ನು ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು: “ಬಿಗಿಯಾಗಿ ಕಟ್ಟು.”