ನೀರೊಳಗಿನ ತಮಟೆ

ಆ ಹುಡುಗಿ ನೀರಿಗಿಳಿದರೆ ಸಾಕು... ಈಜುಕೊಳದ ದಂಡೆಯಲ್ಲಿ ಕೂತ ಅಮ್ಮಂದಿರಿಗೆಲ್ಲ ಒಮ್ಮೆಲೇ ಟೈಮ್ ಆಗಿಬಿಡುತ್ತಿತ್ತು.

"ಉನ್ನತಿ, ಮೇಲೆ ಬಾ ಪುಟ್ಟ... ಸಾಕು ಇವತ್ತಿಗೆ."

ನೀರಿಗಿಳಿದ ಆ ಹುಡುಗಿಯ ಹೆಸರು ಯಶೋಧರಾ. ಆರನೇ ಕ್ಲಾಸು. ತಾಯಿ ಪುಟ್ಟಮಾದಮ್ಮ ಅದೇ ಈಜುಕೊಳದ ಮುಂದಿನ ರಸ್ತೆ ಗುಡಿಸುವ ಪೌರಕಾರ್ಮಿಕೆ.

ಜಾತಿ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ವಿದ್ಯಾವಂತರಲ್ಲವೇ!

"ನೀರಿಗೆ ಸ್ವಲ್ಪ ಕ್ಲೋರಿನ್ ಜಾಸ್ತಿ ಹಾಕಿಸಿ ಸರ್... ನಮ್ಮ ಪಾಪೂದು ಸೆನ್ಸಿಟಿವ್ ಸ್ಕಿನ್ನು," ಅಂದರು ಉನ್ನತಿಯ ಅಮ್ಮ. ಅಷ್ಟೇ.

ಕೋಚ್ ರಘುವೀರ್‌ಗೆ ಎಲ್ಲ ಅರ್ಥವಾಯಿತು. ಸಂಕಟವೂ ಆಯಿತು. ಆದರೆ ಏನಂತ ಹೇಳುವುದು? ಮೊನ್ನೆ ತಾನೇ ಉನ್ನತಿಯ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ ಹೊಟ್ಟೆ ತುಂಬ ಉಂಡು ಬಂದಿದ್ದ. "ನೀವು ನಮ್ಮನೆಯವರ ಥರಾನೇ ಸರ್" ಅನ್ನಿಸಿಕೊಂಡಿದ್ದ...

ಒಂದು ದಿನ ಯಶೋಧರಾ ಗಾಗಲ್ಸ್ ತೆಗೆದಳು. ಅದರೊಳಗೆ ನೀರು ನಿಂತಿತ್ತು.

ಕೊಳದ ನೀರಲ್ಲ.

ರಘುವೀರ್ ತಡೆಯಲಾರದೆ ಈಜುವಾಗ ಹಾಕಿಕೊಳ್ಳುವ ಹೆಡ್‌ಫೋನ್ ತರಿಸಿದ. ಕಿವಿಯ ಮುಂದಿನ ಮೂಳೆಗೆ ಅಂಟಿ ಕೂರುವಂಥದ್ದು. ಹಾಡುಗಳನ್ನು ಮೊದಲೇ ಅದರೊಳಗೆ ತುಂಬಿಡಬೇಕು. ಕಿವಿಗೆ ರಬ್ಬರ್ ಬಿರಡೆ ಬೇರೆ.

"ಯಾವ ಹಾಡು ಹಾಕ್ಲಮ್ಮ?"

"ತಮಟೆ ಇರೋದು ಸಾ... ಜೋರಾಗಿರ್ಬೇಕು."

ಮುಳುಗಿ ಎದ್ದವಳ ಮುಖ ನೋಡಬೇಕಿತ್ತು!

"ಸಾ! ಕಿವೀಲಲ್ಲ ಸಾ, ಬುರುಡೆ ಒಳಗೇ ಬಡೀತಾವ್ರೆ! ನೀರೆಲ್ಲ ಕುಣೀತದೆ!"

ಅಂದಿನಿಂದ ಅವಳು ಅತ್ತಿತ್ತ ನೋಡದೆ ಈಜಿದಳು. ತಮಟೆಯ ಏಟಿಗೊಂದು ಕೈ, ಏಟಿಗೊಂದು ಕಾಲು...

ಅಮ್ಮಂದಿರ ಮಾತು ನಿಂತಿತೇ? ಇಲ್ಲ. ಇನ್ನೂ ಗಟ್ಟಿಯಾಯಿತು... ಹೇಗೂ ಅವಳಿಗೆ ಕೇಳಿಸುವುದಿಲ್ಲವಲ್ಲ!

ರಘುವೀರ್ ಮಾತ್ರ ನೆಮ್ಮದಿಯಾಗಿ ನಿದ್ದೆ ಮಾಡಿದ. ತನ್ನಿಂದೊಂದು ಒಳ್ಳೆಯ ಕೆಲಸವಾಯಿತು ಅಂದುಕೊಂಡ.

ಜಿಲ್ಲಾ ಸೆಲೆಕ್ಷನ್ ದಿನ ಬಂತು. ಗೆದ್ದರೆ ಕ್ರೀಡಾ ಹಾಸ್ಟೆಲ್‌ನಲ್ಲಿ ಸೀಟು. ಊಟ, ಓದು, ಈಜು... ಅವ್ವನ ಪೊರಕೆ ಮಗಳ ಕೈಗೆ ಬರದಂಥ ಬದುಕು.

ಪುಟ್ಟಮಾದಮ್ಮ ಡ್ಯೂಟಿ ಮುಗಿಸಿ ಹಾಗೇ ಓಡಿ ಬಂದು ಗೇಟಿನ ಹತ್ತಿರ ನಿಂತಿದ್ದಳು.

"ಏಯ್ ಪಾಪು, ಕಿವೀದೆಲ್ಲ ಬಿಚ್ಚಿಡು. ರೇಸಲ್ಲಿ ಅದು ನಡೆಯಲ್ಲ," ಅಂದರು ರೆಫರಿ.

"ಒಂದು ರೇಸ್ ತಾನೇ... ಬಿಚ್ಚಮ್ಮ, ಏನಾಗಲ್ಲ," ಅಂದ ರಘುವೀರ್.

ಎಷ್ಟೋ ವಾರಗಳ ಮೇಲೆ ಅವಳು ಬರಿಗಿವಿಯಲ್ಲಿ ನೀರಿನ ಮುಂದೆ ನಿಂತಳು. ಪಕ್ಕದ ಲೇನಿನಲ್ಲಿ ಉನ್ನತಿ.

ಗಟ್ಟಿಯಾಗಿ ಮಾತಾಡಿ ಅಭ್ಯಾಸವಾಗಿದ್ದ ಉನ್ನತಿಯ ಅಮ್ಮ ಗ್ಯಾಲರಿಯಿಂದಲೇ ಕೂಗಿದರು:

"ಪುಟ್ಟ, ಬಾಯಿ ಬಿಗಿಯಾಗಿ ಮುಚ್ಕೊಂಡು ಈಜು. ಅವಳು ಪಕ್ಕದಲ್ಲೇ ಇದಾಳೆ... ಆ ನೀರು ಕುಡಿದುಬಿಟ್ಟೀಯ!"

ಯಾರೋ ಕಿಸಕ್ಕೆಂದರು. ರಘುವೀರ್ ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳತೊಡಗಿದ.

ಸೀಟಿ ಮೊಳಗಿತು. ಯಶೋಧರಾ ಎಲ್ಲರಿಗಿಂತ ಮುಂದೆ! ಇನ್ನೂ ಮುಂದೆ!

ಆದರೆ... ತಲೆ ತಿರುಗಿಸುತ್ತಿಲ್ಲ.

"ಉಸಿರು ತಗೋ! ಯಶೋಧರಾ, ಉಸಿರು ತಗೋ!" ದಂಡೆಯಿಂದ ಕೂಗಿದ ರಘುವೀರ್.

ಕೊಳದ ನಡುವೆ ಅವಳ ಕೈ ನಿಂತುಹೋಯಿತು. ಲೇನಿನ ಹಗ್ಗಕ್ಕೆ ಜೋತುಬಿದ್ದಳು. ಮೇಲೆತ್ತಿದಾಗ ತುಟಿ ನೀಲಿಗಟ್ಟಿತ್ತು.

"ಉಸಿರೇ ತಗೊಳ್ಲಿಲ್ವಲ್ಲಮ್ಮ... ಯಾಕೆ?"

ಹುಡುಗಿ ಏದುಸಿರು ಬಿಡುತ್ತಾ ಅಂದಳು:

"ಬಾಯಿ ತೆಗುದ್ರೆ... ನನ್ ಬಾಯ್ ನೀರು ಉನ್ನತಿಗೆ ಹೋಗ್ಬುಡ್ತದಲ್ಲ ಸಾ..."

ರಘುವೀರ್ ಅಲ್ಲೇ ಕುಸಿದು ಕೂತ. ಬಿಕ್ಕಿ ಬಿಕ್ಕಿ ಅತ್ತ. "ಇದೆಲ್ಲ ನಿನ್ನ ಕಿವಿಗೆ ಬೀಳಬಾರದು ಅಂತ ಎಷ್ಟು ಕಷ್ಟಪಟ್ಟೆ ಕಣಮ್ಮ..."

ಗೇಟಿನಿಂದ ಓಡಿ ಬಂದ ಪುಟ್ಟಮಾದಮ್ಮ ಸೆರಗಿನಿಂದ ಮಗಳ ತಲೆ ಒರೆಸುತ್ತಿದ್ದಳು. ದನಿ ಏರಿಸಲಿಲ್ಲ.

"ನನ್ ಮಗ್ಳ ಕಿವಿ ಮುಚ್ಚಕ್ಕೆ ಅಷ್ಟೊಂದು ಒದ್ದಾಡುದ್ರಿ ಸಾಮಿ... ಆಯಮ್ಮನ ಬಾಯಿ ಮುಚ್ಸಕ್ಕೆ ನಿಮ್ದೊಂದು ಮಾತು ಸಾಕಾಗಿತ್ತು. ಅದೊಂದು ಬರ್ನಿಲ್ವಲ್ಲ ನಿಮ್ ಬಾಯಲ್ಲಿ?"

ಸೀಟು ಇನ್ಯಾರಿಗೋ ಹೋಯಿತು. ಯಶೋಧರಾ ಮತ್ತೆ ಈಜಲಿಲ್ಲ. ರಘುವೀರ್ ಕೇರಿಗೆ ಹೋಗಿ ಬಾಗಿಲಲ್ಲಿ ನಿಂತು ಕರೆದ... ಅವಳು ಹೊರಗೇ ಬರಲಿಲ್ಲ.

ಕೊನೆಗೊಂದು ದಿನ ಅವನು ಉನ್ನತಿಯ ಅಮ್ಮನ ಮುಂದೆ ಹೋಗಿ ನಿಂತ.

"ಮೇಡಂ, ಅವತ್ತು ನೀವಾಡಿದ ಮಾತು ದೊಡ್ಡ ತಪ್ಪು. ನಾನು ಅವತ್ತೇ ಹೇಳಬೇಕಿತ್ತು."

ಅವರು ನಿಜಕ್ಕೂ ಆಶ್ಚರ್ಯದಿಂದ ಅವನನ್ನು ನೋಡಿದರು.

"ಈಗ್ಯಾಕೆ ಸರ್ ಆ ವಿಷಯ? ಹೇಗೂ ಅವಳು ಬರೋದೇ ಇಲ್ವಲ್ಲ..."


*ನೊಂದವರ ಕಿವಿ ಮುಚ್ಚುವುದು ಕರುಣೆಯಲ್ಲ... ನೋಯಿಸುವವರಿಗೆ ನಾವು ಕೊಡುವ ಲೈಸೆನ್ಸು.*

ನಿಮ್ಮ ಮನೆಯ ಊಟದ ಹೊತ್ತಿನಲ್ಲಿ, ನೀವು ಇದನ್ನು ಓದುತ್ತಿರುವ ಇದೇ ಗ್ರೂಪಿನಲ್ಲಿ ಅಂಥದೊಂದು ಮಾತು ಬಂದಾಗ... ನೀವು ಏನು ಹೇಳಿದಿರಿ?